ಕೇತಲೆ ಓಡಿದ ಭಾನುವಾರ

ಮೊನ್ನೆ ಬೆಳಿಗ್ಗೆ ಸೊಪ್ಪು ಬಿಡಿಸುತ್ತಾ ಕುಳಿತಿದ್ದೆ. ಪಕ್ಕದ ಮನೆಯ ಕಿಟಕಿಯಿಂದ ಶಹನಾಯಿ, ಅದರ ಬೆನ್ನಿಗೇ ಕುದುರೆ ಗೊರಸಿನ ಸದ್ದು ತೇಲಿ ಬಂತು. ದಂಟು ಕೈಯಲ್ಲೇ ಉಳಿಯಿತು. ಹಳೆಯ ಧಾರಾವಾಹಿಗಳನ್ನು ಮತ್ತೆ ತೋರಿಸುವ ಚಾನೆಲ್ ಒಂದಿದೆಯಂತೆ, ಅದರಲ್ಲಿ ಈಗ ಕೇತಲೆಯ ಕಥೆ ಬರುತ್ತಿದೆ. ಇಷ್ಟು ವರ್ಷಗಳಾದ ಮೇಲೂ ನನಗೆ ಮೈ ಉರಿಯಿತು ಎಂದರೆ ನೀವು ನಗಬಹುದು. ನಗಿ, ಆದರೆ ಕಾರಣ ಕೇಳಿ ಆಮೇಲೆ ನಗಿ.

ಕೇತಲೆ ನಮ್ಮ ಕಾಲದ ಒಂದು ಕಾದಂಬರಿ ಮಾಲೆಯ ನಾಯಕಿ. ಬಳ್ಳಿಗಾವಿ ದೊಡ್ಡ ಪಟ್ಟಣವಾಗಿ ಮೆರೆಯುತ್ತಿದ್ದ ದಿನಗಳ ಕಥೆ, ಐದು ದಪ್ಪ ಸಂಪುಟ. ಅವಳು ಕಲ್ಲುಕುಟಿಗನ ಮಗಳು. ಚಿಕ್ಕವಳಿದ್ದಾಗ ಕಾಲ ಮೇಲೆ ಬಂಡೆ ಉರುಳಿ ಎಡಗಾಲು ಊನವಾದವಳು. ಕುದುರೆ ಪಡೆಯ ರೇಚಯ್ಯ ಅವಳಿಗೆ ಮನಸೋಲುತ್ತಾನೆ, ಅರಮನೆ ಅಡ್ಡ ಬರುತ್ತದೆ, ಮುಂದಿನದೆಲ್ಲ ಇಂಥ ಕಥೆಗಳಲ್ಲಿ ಇರುವಂಥದ್ದೇ. ಇಲ್ಲದೆ ಇರುವಂಥದ್ದು ಒಂದಿತ್ತು: ಐದು ಸಂಪುಟ ಮುಗಿದರೂ ಅವಳ ಕಾಲು ಸರಿಹೋಗುವುದಿಲ್ಲ. ಸರಿಹೋಗಲಿ ಎಂದು ಅವಳು ಯಾವ ದೇವರಿಗೂ ಹರಕೆ ಹೊರುವುದಿಲ್ಲ. ಮೂರನೆಯ ಸಂಪುಟದಲ್ಲಿ ಅಪ್ಪನ ಪರವಾಗಿ ಸಾಕ್ಷಿ ಹೇಳಲು ತುಂಬಿದ ರಾಜಸಭೆಯ ನಡುವೆ ಕಾಲೆಳೆಯುತ್ತಾ ನಡೆದು ಬರುತ್ತಾಳೆ ನೋಡಿ, ಆ ಪುಟಗಳು ಬಾಡಿಗೆ ಪುಸ್ತಕದಂಗಡಿಯ ಪ್ರತಿಯಲ್ಲಿ ಬೆರಳಿನ ಎಣ್ಣೆ ಅಂಟಿ ಕಪ್ಪಾಗಿದ್ದವು.

ನಾನು ಸೊರಬದವಳು. ತೊಂಬತ್ತರ ದಶಕದ ಆರಂಭದಲ್ಲಿ ಶಿಕಾರಿಪುರದ ಬಟ್ಟೆ ಅಂಗಡಿಯವರ ಮನೆಗೆ ಸೊಸೆಯಾಗಿ ಬಂದೆ. ರೇಚಯ್ಯನನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದವಳಿಗೆ ಸಿಕ್ಕಿದ್ದು ಜಟಕಾ ಕುದುರೆ ಕಂಡರೂ ಪಕ್ಕಕ್ಕೆ ಸರಿಯುವ ಗಂಡ. ಒಳ್ಳೆಯ ಮನುಷ್ಯ, ಬಿಡಿ. ಆದರೆ ಆ ಮನೆಯಲ್ಲಿ ನನ್ನನ್ನು ನಿಜವಾಗಿ ಸ್ವಾಗತಿಸಿದವಳು ನಾದಿನಿ ಶಾರದಾ. ಮದುವೆಯ ಸೀರೆ ಬದಲಿಸುವುದಕ್ಕೂ ಮೊದಲೇ ಕಿವಿಯ ಹತ್ತಿರ ಬಂದು ಕೇಳಿದಳು: "ವೈನಿ, ಕೇತಲೆ ಓದೀರೇನು?"

"ಐದೂ" ಎಂದೆ. ಅಲ್ಲಿಗೆ ನಮ್ಮ ಸಂಬಂಧ ಗಟ್ಟಿಯಾಯಿತು.

ಶಾರದೆಗೆ ಮಗುವಾಗಿದ್ದಾಗ ಪೋಲಿಯೋ ಬಂದು ಎಡಗಾಲು ಸಣ್ಣಗಾಗಿತ್ತು. ಮಧ್ಯಾಹ್ನ ಊಟವಾದ ಮೇಲೆ ಬೀದಿಯ ಹೆಂಗಸರು ನಮ್ಮ ಪಡಸಾಲೆಯಲ್ಲಿ ಸೇರುತ್ತಿದ್ದರು. ಅವಳು ಗಟ್ಟಿಯಾಗಿ ಓದುತ್ತಿದ್ದಳು. ಕೆಲವರಿಗೆ ಓದು ಬರುತ್ತಿರಲಿಲ್ಲ, ಕೆಲವರಿಗೆ ಬಂದರೂ ಅವಳ ಬಾಯಿಂದಲೇ ಕೇಳಬೇಕಿತ್ತು. ರಾಜಸಭೆಯ ಪುಟಕ್ಕೆ ಬಂದಾಗ ಅವಳ ದನಿ ಬೇರೆಯಾಗುತ್ತಿತ್ತು. ಅದೇಕೆಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಹೇಳದೆ ಇದ್ದದ್ದು ಇನ್ನೂ ಒಂದಿತ್ತು. ಅವಳನ್ನು ನೋಡಲು ಗಂಡಿನ ಕಡೆಯವರು ಬರುವ ದಿನ ಅತ್ತೆಯವರು ಅವಳನ್ನು ಮೊದಲೇ ಚಾಪೆಯ ಮೇಲೆ ಕೂರಿಸಿ, ಸೀರೆಯ ನೆರಿಗೆಯನ್ನು ಕಾಲ ಸುತ್ತ ಹರಡಿಬಿಡುತ್ತಿದ್ದರು. ಬಂದವರು ಎದ್ದು ಹೋಗುವವರೆಗೆ ಶಾರದಾ ಏಳುವಂತಿರಲಿಲ್ಲ. ಮಾತು ಮುಂದುವರಿದ ಮೇಲೆ ಯಾರೋ ದೊಡ್ಡವರು ಮೆಲ್ಲಗೆ "ಕಾಲು ಸ್ವಲ್ಪ..." ಎಂದು ಹೇಳಿ ಕಳಿಸುವುದು, ಅಲ್ಲಿಂದ ಉತ್ತರವೇ ಬಾರದೆ ಇರುವುದು. ಅತ್ತೆ ಕೆಟ್ಟವರಲ್ಲ. ಮಗಳ ಮೇಲೆ ಜೀವ ಇಟ್ಟಿದ್ದರು, ಆ ಜೀವವೇ ಹಾಗೆ ಮಾಡಿಸುತ್ತಿತ್ತು.

ಆ ನಡುವೆ ಸುದ್ದಿ ಬಂತು: ಕೇತಲೆ ಟಿ.ವಿ.ಯಲ್ಲಿ ಬರುತ್ತಾಳೆ, ಭಾನುವಾರ ಬೆಳಿಗ್ಗೆ. ಊರಿಗೆ ಊರೇ ಹಬ್ಬದ ಗುಂಗಿನಲ್ಲಿತ್ತು. ರೇಚಯ್ಯನಿಗೆ ಮೀಸೆ ಇರಬೇಕೋ ಬೇಡವೋ ಎಂದು ಅಂಗಡಿಯ ಗುಮಾಸ್ತರು ಜಗಳವಾಡಿ ಮಾತು ಬಿಟ್ಟಿದ್ದರು. ಆ ಭಾನುವಾರ ನಮ್ಮ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಂಡ ಮಾಳಿಗೆ ಹತ್ತಿ ಆಂಟೆನಾ ತಿರುಗಿಸಿ "ಬಂತೇನು?" ಎಂದು ಕೂಗುತ್ತಿದ್ದರು. ಶಹನಾಯಿ ಮೊಳಗಿತು, ಗೊರಸಿನ ಸದ್ದು ಕೇಳಿತು. ಗುಡಿಯ ಕಂಬಗಳ ನಡುವಿನಿಂದ ಬೆಳ್ಳಗಿನ ಹುಡುಗಿಯೊಬ್ಬಳು ಸೆರಗು ಹಾರಿಸುತ್ತಾ ಓಡಿ ಬಂದಳು.

ಓಡಿ ಬಂದಳು!

ದಾಸಿ ಇರಬೇಕು ಅಂದುಕೊಂಡೆವು. ಅಷ್ಟರಲ್ಲಿ ಹಿಂದಿನಿಂದ ಯಾರೋ "ಕೇತಲೇ" ಎಂದು ಕರೆದರು. ಅವಳು ತಿರುಗಿ ನಕ್ಕಳು. ಯಾರೂ ಶಾರದೆಯ ಕಡೆ ನೋಡಲಿಲ್ಲ, ಎಲ್ಲರೂ ನೋಡಿದಷ್ಟೇ ಆಯಿತು ಅದು. ಕೊನೆಗೆ ಅತ್ತೆಯವರೇ, ಸಮಾಧಾನ ಹೇಳುತ್ತಿದ್ದೇನೆ ಎಂದುಕೊಂಡು, "ಇರ್ಲಿ ಬಿಡವ್ವ, ಕುಂಟೋದನ್ನ ವಾರವಾರ ಯಾರು ಕುಂತು ನೋಡ್ತಾರ?" ಎಂದರು.

ಶಾರದಾ ಎದ್ದು ಒಳಗೆ ಹೋದಳು.

ಆ ಸಂಜೆ ನನ್ನ ಅಮ್ಮ ಸೊರಬದ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದಳು. ಕ್ಷೇಮ ಸಮಾಚಾರ ಇಲ್ಲ, ನೇರ ವಿಷಯಕ್ಕೇ. "ಎಂತದೇ ಇದು ಮಾರಾಯ್ತಿ! ನಮ್ ಕೇತಲೆ ಓಡ್ತಾಳಲ್ಲೇ! ಅವಳ ಕಾಲು ಎಲ್ಲಿಗೆ ಹೋಯ್ತು? ಇಲ್ಲಿ ನಾವೆಲ್ಲಾ ಊಟ ಬಿಟ್ಟು ಕೂತಿದೀವಿ."

ಒಂದೆರಡು ತಿಂಗಳು ಹೀಗೇ ಕುದಿಯುತ್ತಾ ಕಳೆದೆವು. ಬಯ್ಯುತ್ತಲೇ ನೋಡಿದೆವು, ಅದನ್ನು ಮುಚ್ಚಿಡುವುದಿಲ್ಲ. ರೇಚಯ್ಯನ ಮಣಿಕಟ್ಟಿನಲ್ಲಿ ಗಡಿಯಾರ ಕಟ್ಟಿದ ಗುರುತು ಕಂಡು ನಕ್ಕೆವು. ಶಾರದಾ ಮಾತ್ರ ನಗಲಿಲ್ಲ. ಮುಂದಿನ ಕಂತುಗಳ ಚಿತ್ರೀಕರಣಕ್ಕೆ ಧಾರಾವಾಹಿಯವರು ಬಳ್ಳಿಗಾವಿಗೆ ಬಂದಿದ್ದಾರೆಂದು ಬಸ್ಸಿನವರು ಹೇಳಿದ ದಿನ, ಅಡುಗೆಮನೆಗೆ ಬಂದು ನನ್ನ ಕೈಯಿಂದ ಸೌಟು ತೆಗೆದಿಟ್ಟಳು.

"ನಡೀರಿ ವೈನಿ, ಹೋಗಿ ಕೇಳೋಣ."

"ಏನಂತ ಕೇಳೋದು?"

"ಅವಳ ಕಾಲು ಯಾಕ ಕಸಗೊಂಡ್ರಿ ಅಂತ."

ಅಮ್ಮನಿಗೆ ಸುದ್ದಿ ಮುಟ್ಟಿಸಿದೆ. ಮರುದಿನ ನಾವು ಶಿಕಾರಿಪುರದಿಂದ ಹೋಗಿ ಇಳಿಯುವ ಹೊತ್ತಿಗೆ ಅಮ್ಮ ಗೆಳತಿಯರನ್ನು ಕಟ್ಟಿಕೊಂಡು ಸೊರಬದಿಂದ ಬಂದು, ಚಿತ್ರೀಕರಣ ನಡೆಯುತ್ತಿದ್ದ ಗುಡಿಯ ಎದುರಿನ ನೆರಳಿನಲ್ಲಿ ಕುಳಿತು ಅವಲಕ್ಕಿ ತಿನ್ನುತ್ತಿದ್ದಳು. ಯುದ್ಧಕ್ಕೆ ಹೊರಟವರ ಹಾಗೆ ಇರಲಿಲ್ಲ ನಾವು. ಆದರೆ ಹಿಂದಿರುಗುವ ಮನಸ್ಸೂ ಯಾರಿಗೂ ಇರಲಿಲ್ಲ.

ನಿರ್ದೇಶಕರು ಸೌಮ್ಯವಾದ ಮನುಷ್ಯ. ಬಿಸಿಲಲ್ಲಿ ಬಳಲಿದ್ದರೂ ನಮಗೆ ಕುರ್ಚಿ ಹಾಕಿಸಿದರು. ಶಾರದಾ ಕೂರಲಿಲ್ಲ.

"ಕೇತಲೆ ಕಾಲು ಯಾಕ್ರಿ ಸರಿಮಾಡಿದ್ರಿ?" ಎಂದಳು.

"ಏನಮ್ಮಾ, ಟಿ.ವಿ. ಅಂದ್ರೆ ಕಣ್ಣಿಗೆ ಚೆನ್ನಾಗಿ ಕಾಣಬೇಕು. ಪುಸ್ತಕದಲ್ಲಿ ಓದುವಾಗ ಕುಂಟೋದು ಕಣ್ಣಿಗೆ ಕಾಣೋಲ್ಲ. ಇಲ್ಲಿ ಪ್ರತಿ ಸಲ ಕಾಣುತ್ತೆ."

"ಕಂಡ್ರ ಏನಾಕ್ಕತಿ?"

ಕೊಡೆಯ ಕೆಳಗೆ ಕುಳಿತಿದ್ದ ಕೇತಲೆ, ಅಂದರೆ ಆ ಪಾತ್ರದ ನಟಿ, ಎದ್ದು ಬಂದಳು. ಹತ್ತಿರದಿಂದ ನೋಡಿದರೆ ತೀರಾ ಎಳೆಯ ಹುಡುಗಿ. "ನಾನು ಪುಸ್ತಕ ಓದಿಲ್ಲಕ್ಕಾ. ರಾಜಸಭೆಗೆ ಅವಳು ಹೇಗೆ ನಡೀತಾಳೆ?" ಎಂದಳು. ಕುಹಕವೇನೂ ಇರಲಿಲ್ಲ ಆ ಮಾತಿನಲ್ಲಿ.

ಸುತ್ತ ದೀಪ ಹಿಡಿದವರು, ಅಡುಗೆಯವರು, ಈಟಿ ಹಿಡಿದ ಬಾಡಿಗೆ ಸೈನಿಕರು, ನೋಡಲು ನೆರೆದಿದ್ದ ಊರವರು. ಬೀದಿಯಲ್ಲಿ ಗೋಡೆಯ ಬದಿಗೇ ಸರಿದು ನಡೆಯುತ್ತಿದ್ದ ಶಾರದಾ ಇವಳು. ಅವಳು ಚಪ್ಪಲಿ ಬಿಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಗುಡಿಯ ಮುಂದಿನ ಕಲ್ಲುಹಾಸಿನ ಉದ್ದಕ್ಕೂ ನಡೆದಳು. ಎಡಗೈಯಿಂದ ಮೊಣಕಾಲು ಒತ್ತಿ, ಭುಜ ಒಂದು ಕಡೆಗೆ ವಾಲಿಸಿ, ಅವಸರವಿಲ್ಲದೆ. ಮೆಟ್ಟಿಲು ಹತ್ತಿ ತಿರುಗಿ ನಿಂತಳು. ಈಟಿಯವರು ಹರಟೆ ನಿಲ್ಲಿಸಿದ್ದರು. ಅಮ್ಮ ಪಕ್ಕದಲ್ಲಿ ಮೂಗು ಒರೆಸಿಕೊಂಡಳು.

"ಹಿಂಗ" ಎಂದಳು ಶಾರದಾ.

ನಿರ್ದೇಶಕರು ಕೈ ಮುಗಿದರು. ಆಮೇಲೆ, ಇಷ್ಟು ಕಂತು ಓಡಿದವಳನ್ನು ಈಗ ಕುಂಟಿಸಲು ಬರುವುದಿಲ್ಲ, ಕ್ಷಮಿಸಿ ಎಂದರು. ಧಾರಾವಾಹಿ ಬದಲಾಗಲಿಲ್ಲ. ರಾಜಸಭೆಯಲ್ಲಿ ಆ ಹುಡುಗಿ ನರ್ತಿಸಿಯೇ ಸಾಕ್ಷಿ ಹೇಳಿದಳಂತೆ. ನಾವು ಆ ಭಾನುವಾರ ಟಿ.ವಿ. ಹಾಕಲಿಲ್ಲ. ಅದೇ ಹೊತ್ತಿಗೆ ಶಾರದಾ ಆ ಪುಟಗಳನ್ನು ಓದಿದಳು, ಪಡಸಾಲೆ ತುಂಬಿತ್ತು. ಸೊರಬದಲ್ಲಿ ಅಮ್ಮನ ಮನೆಯಲ್ಲೂ ಹಾಗೇ ನಡೆಯಿತಂತೆ.

ಅದಾಗಿ ಸ್ವಲ್ಪ ದಿನಕ್ಕೆ ಉಳವಿಯ ಕಡೆಯವರು ಅವಳನ್ನು ನೋಡಲು ಬಂದರು. ಅತ್ತೆ ಬೆಳಿಗ್ಗೆಯೇ ಚಾಪೆ ಹಾಸಿದ್ದರು. ಶಾರದಾ ಅದನ್ನು ಸುತ್ತಿ ಮೂಲೆಗಿಟ್ಟಳು. "ಅವ್ವಾ, ಅವರು ಕುಂದರ್ಲಿ. ನಾ ನಡದು ಬರ್ತೀನಿ."

"ಬಂದ ಸಂಬಂಧ ಕಳ್ಕೋತೀಯೇನ?" ಅತ್ತೆ ಮತ್ತೆ ಚಾಪೆಗೆ ಕೈ ಹಾಕಿದರು. "ನಾ ಎಷ್ಟು ದಿನ ಇರಾಕಿ?"

"ಹೋಗೋದಾದ್ರ ನನ್ನ ನೋಡೇ ಹೋಗ್ಲಿ."

ತಟ್ಟೆ ಹಿಡಿದು ಅಡುಗೆಮನೆಯಿಂದ ಬಂದಳು. ಲೋಟಗಳು ಸಣ್ಣಗೆ ಸದ್ದು ಮಾಡಿದವು, ಚಹಾ ಒಂದಿಷ್ಟು ತುಳುಕಿತು. ಗಂಡಿನ ತಾಯಿ ನಮ್ಮತ್ತೆಯ ಕಡೆ ತಿರುಗಿ "ಕಾಲಿಗೆ ಎಂತ ಆಗಿದೆ?" ಎಂದರು. "ಸಣ್ಣಾಕಿದ್ದಾಗ ಪೋಲಿಯೋ ಆಗಿತ್ರಿ. ಕೆಲಸ ಎಲ್ಲಾ ಮಾಡ್ತೀನಿ, ಓಡಾಕ ಮಾತ್ರ ಬರಂಗಿಲ್ಲ" ಎಂದು ಶಾರದಾ ತಾನೇ ಹೇಳಿ, ಅವರಿಗೆ ಲೋಟ ಕೊಟ್ಟಳು. ಅವರು ಚಹಾ ಕುಡಿದು ಹೋದರು. ಮತ್ತೆ ಬರಲಿಲ್ಲ. ಅತ್ತೆ ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲ. ಶಾರದಾ ಮಾತ್ರ ಆ ಸಂಜೆ ತುಳುಕಿದ ಚಹಾದ ಕಲೆ ಒರೆಸುತ್ತಾ ಹಾಡು ಗುನುಗುತ್ತಿದ್ದಳು.

ಕಾದಂಬರಿಯಾಗಿದ್ದರೆ ಇಲ್ಲಿ ಕುದುರೆಯ ಮೇಲೆ ಒಬ್ಬ ಬರಬೇಕಿತ್ತು. ನಾವೂ ದಾರಿ ನೋಡಿದೆವು, ಬರಲಿಲ್ಲ. ಬಂದವರು ಕೆಲವರು ಅವಳ ನಡಿಗೆ ನೋಡಿ ಹೋದರು. ಒಬ್ಬನನ್ನು ಅವಳೇ ಬೇಡವೆಂದಳು. ಕೊನೆಗೊಂದು ದಿನ ಅಂಗಡಿಗೆ ಹೋಗಿ ನನ್ನ ಮಾವನ ಪಕ್ಕ ನಿಂತಳು. ಹೆಣ್ಣುಮಗಳು ಗಲ್ಲಾಪೆಟ್ಟಿಗೆಯ ಹತ್ತಿರವೇ ಎಂದು ಪೇಟೆ ಆಡಿಕೊಂಡಿತು. ಅವಳು ಅಂಗಡಿಯ ಉದ್ದಕ್ಕೂ ಬಟ್ಟೆಯ ಥಾನು ಹೊತ್ತು ಓಡಾಡಿದಳು. ಸೀರೆಯ ವಿಷಯದಲ್ಲಿ ಅವಳ ಮಾತೇ ಕೊನೆ ಎಂದು ಹೆಂಗಸರು ನಂಬಿದ ಮೇಲೆ ಪೇಟೆಯೂ ಸುಮ್ಮನಾಯಿತು. ಮಾವನ ನಂತರ ಅಂಗಡಿ ಅವಳದೇ ಆಯಿತು. ನನ್ನ ಗಂಡನಿಗೆ ಹೊಟ್ಟೆಕಿಚ್ಚಿಲ್ಲ, ವ್ಯಾಪಾರ ಅವರಿಗೆ ಎಂದೂ ಒಗ್ಗಿದ್ದಿಲ್ಲ. ಅತ್ತೆ ತಮ್ಮ ಕೊನೆಯ ವರ್ಷಗಳಲ್ಲಿ ಯಾರೇ ಬಂದರೂ "ನಮ್ಮ ಶಾರಿ ಅಂಗಡಿ ನೋಡಿ ಬರ್ರಿ" ಎಂದು ಕಳಿಸುತ್ತಿದ್ದರು.

ಪಕ್ಕದ ಮನೆಯ ಸದ್ದು ನಿಂತಿತು. ಕಂತು ಮುಗಿದಿರಬೇಕು. ಅಷ್ಟರಲ್ಲಿ ಗಂಡ ಬಂದು ಎದುರಿಗೆ ಕುಳಿತರು. ಮುಂದಿನ ವಾರ ಮಗಳ ನಿಶ್ಚಿತಾರ್ಥ. ನನ್ನ ಮೊಣಕಾಲುಗಳು ಈಚೆಗೆ ನನ್ನ ಮಾತು ಕೇಳುವುದಿಲ್ಲ, ಕೋಲು ಹಿಡಿದೇ ನಡೆಯಬೇಕು.

"ಒಂದು ಕೆಲಸ ಮಾಡೋಣ" ಎಂದರು, ಪಾಪ, ಪ್ರೀತಿಯಿಂದಲೇ. "ಬೀಗರು ಬರೋದ್ರೊಳಗ ನೀ ಕುರ್ಚಿ ಮ್ಯಾಲೆ ಕುಂತುಬಿಡು. ಕೋಲು ಬಾಗಿಲ ಹಿಂದ ಇಡ್ತೀನಿ. ಯಾಕ ಸುಮ್ನ ಎಲ್ರ ಕಣ್ಣಿಗೆ?"

ಆ ಶಹನಾಯಿ ಕೇಳುವ ಮೊದಲು ಹೇಳಿದ್ದರೆ ಹೂಂ ಎನ್ನುತ್ತಿದ್ದೆನೋ ಏನೋ.

"ಬೇಡ. ಬೀಗರನ್ನ ಗೇಟಿನಿಂದ ನಾನೇ ಕರಕೊಂಡು ಬರ್ತೀನಿ" ಎಂದೆ.

"ಅಲ್ಲಿಂದ ಇಲ್ಲೀತನಕ ನಿನಗ ಎಷ್ಟು ಹೊತ್ತು ಹಿಡೀತದ ಗೊತ್ತೇನು?"

"ಹಿಡೀಲಿ. ನನ್ನ ಜೋಡಿ ನಿಧಾನ ನಡೀಲಿ ಅವರು."