ಹನ್ನೆರಡನೇ ಕಾಲಂನ ಗೆರೆ

ಕಳೆದ ಭಾನುವಾರ ವಿಶಾಖಪಟ್ಟಣದ ಹೊರವಲಯದ ದುವ್ವಾಡದ ಈ ಬಾಡಿಗೆ ಕೋಣೆಯಲ್ಲಿ ಹಳೆಯ ಪುಸ್ತಕಗಳ ಡಬ್ಬ ಬಿಚ್ಚಿದಾಗ ತಳದಲ್ಲಿ ಆರಿಂಚಿನ ಸ್ಟೀಲ್ ಸ್ಕೇಲೊಂದು ಸಿಕ್ಕಿತು. ಅಂಕಿಗಳ ಕಪ್ಪು ಅರ್ಧ ಅಳಿಸಿಹೋಗಿದೆ. ಅದನ್ನು ಕೈಯಲ್ಲಿ ಹಿಡಿದು ತುಂಬ ಹೊತ್ತು ನೆಲದ ಮೇಲೇ ಕೂತಿದ್ದೆ...

ಅದು ಮಹಡಿ ಮನೆಯ ಅಕ್ಕನದು. ಆಗ ನನ್ನ ಅಪ್ಪನಿಗೆ ವಿಜಯವಾಡಕ್ಕೆ ವರ್ಗವಾಗಿತ್ತು. ಅಲ್ಲಿನ ಪಟಮಟ ಬಡಾವಣೆಯ ನಮ್ಮ ಬೀದಿಯಲ್ಲಿ ಕನ್ನಡ ಮಾತಾಡುತ್ತಿದ್ದವರು ಬಳ್ಳಾರಿ ಕಡೆಯ ಆ ಅಕ್ಕ ಒಬ್ಬರೇ. ಎಂ.ಫಾರ್ಮ್ ಓದುತ್ತಿದ್ದರು. ಇಂಟರ್, ಅಂದರೆ ನಮ್ಮ ಕಡೆಯ ಪಿಯುಸಿ, ಓದುತ್ತಿದ್ದ ನನಗೆ ಸಂಜೆ ಕೆಮಿಸ್ಟ್ರಿ ಹೇಳಿಕೊಡುತ್ತಿದ್ದರು. ಮೊದಲ ದಿನವೇ ಅಮ್ಮನನ್ನು ಕೂರಿಸಿಕೊಂಡು ಹೇಳಿದ್ದರು: ಹತ್ತೊಂಬತ್ತರ ವಯಸ್ಸಿನಲ್ಲಿ ಚಿಕ್ಕಮ್ಮನ ಮಗಳ ಹೆಸರಿನಲ್ಲಿ ಪರೀಕ್ಷೆಗೆ ಕೂತು ಸಿಕ್ಕಿಬಿದ್ದದ್ದು, ಮೂರು ತಿಂಗಳು ಜೈಲಿನಲ್ಲಿದ್ದದ್ದು.

“ನಾಳೆ ಬ್ಯಾರೆಯವ್ರು ಹೇಳೋದಕ್ಕಿಂತ ನಾನೇ ಹೇಳಿಬಿಡ್ತೀನ್ರಿ ಅಮ್ಮ.”

ಅಮ್ಮ ಕಾಫಿ ಬೆರೆಸಲು ಎದ್ದಳು. ಪಾಠ ಶುರುವಾಯಿತು.

ಅವರ ಓದು ಮುಗಿಯುವ ಹೊತ್ತಿಗೆ ವಿಶಾಖಪಟ್ಟಣದ ಒಂದು ಔಷಧ ಕಂಪನಿಯಲ್ಲಿ ಆಯ್ಕೆಯಾಯಿತು. ಸೇರುವ ಮುನ್ನ ನಾಲ್ಕು ಪುಟದ ಫಾರಂ ತುಂಬಿ ಕಳಿಸಬೇಕಿತ್ತು.

“ನೀನೇ ಬರಿಯಮ್ಮ. ನನ್ ಅಕ್ಷರ ಕೋರ್ಟಿನಾಗ ಭಾಳ ಫೇಮಸ್ಸು,” ಎಂದು ನಕ್ಕರು. ಪರೀಕ್ಷೆಯ ಕೇಸಿನಲ್ಲಿ ಅವರ ಕೈಬರಹವೇ ಸಾಕ್ಷಿಯಾಗಿತ್ತು. “ಹನ್ನೆರಡನೇ ಕಾಲಂ ಮಾತ್ರ ಬಿಡು. ಅದು ನಂದು.”

ಯಾವುದಾದರೂ ನ್ಯಾಯಾಲಯ ನಿಮಗೆ ಶಿಕ್ಷೆ ವಿಧಿಸಿದೆಯೇ ಎಂದು ಕೇಳುವ ಕಾಲಂ ಅದು. ಅದಕ್ಕೂ ಮೊದಲು ಎರಡು ಕಡೆ ಅವರು ನಿಜ ಬರೆದಿದ್ದರು. ಎರಡೂ ಕಡೆಯಿಂದ ಮತ್ತೆ ಸುದ್ದಿಯೇ ಬರಲಿಲ್ಲ.

ಅವರು ಅಡುಗೆಮನೆಯಲ್ಲಿದ್ದಾಗ ನಾನು ಬರೆದು ಮುಗಿಸಿದೆ. ನಮ್ಮದು ಬ್ಯಾಂಕಿನವರ ಮನೆ. ಫಾರಂನಲ್ಲಿ ಖಾಲಿ ಜಾಗ ಬಿಟ್ಟರೆ ಬೇರೆ ಯಾರೋ ತುಂಬುತ್ತಾರೆ, ಗೆರೆ ಎಳೆದುಬಿಡು ಎಂದು ಅಪ್ಪ ಚಿಕ್ಕಂದಿನಿಂದ ಹೇಳುತ್ತಿದ್ದರು. ಸ್ಕೇಲಿಟ್ಟು ಎಳೆಯುತ್ತ ಹೋದೆ. ಪಾಸ್‌ಪೋರ್ಟ್ ನಂಬರು, ಗಂಡನ ಹೆಸರು... ಹನ್ನೆರಡು. ಎಳೆದ ಮೇಲೆ ಗೊತ್ತಾಯಿತು. ಆ ಗೆರೆಗೆ ‘ಇಲ್ಲ’ ಎಂದೇ ಅರ್ಥ.

“ಅಕ್ಕಾ, ತಪ್ಪಾಗೋಯ್ತು. ಬೇರೆ ಫಾರಂ ಕೇಳೋಣ್ವಾ?”

ಅವರು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಕೆಳಗೆ ಸಿಟಿ ಬಸ್ಸೊಂದು ನಿಂತು, ಜನರನ್ನು ಇಳಿಸಿ, ಹೊರಟುಹೋಯಿತು. ಅವರು ಇನ್ನೂ ನೋಡುತ್ತಲೇ ಇದ್ದರು.

“ಎಷ್ಟ್ ನೆಟ್ಟಗ ಎಳದೀ,” ಎಂದರು.

ಆಮೇಲೆ ಕೊನೆಯ ಪುಟ ತಿರುವಿ, ಮೇಲಿನದೆಲ್ಲ ನಿಜ ಎಂಬ ಸಾಲಿನ ಕೆಳಗೆ ಸಹಿ ಹಾಕಿದರು. ನಾನು ಮತ್ತೇನೂ ಕೇಳಲಿಲ್ಲ. ನನಗೆ ಬೈಗುಳ ತಪ್ಪಿತೆಂದು ಸಮಾಧಾನವಾಗಿತ್ತು, ಅದೂ ನಿಜ. ಊರು ಬಿಡುವ ದಿನ ಸ್ಕೇಲನ್ನು ನನಗೇ ಕೊಟ್ಟರು.

ವಿಶಾಖಪಟ್ಟಣದಿಂದ ಬಂದರಿನ ಹಡಗುಗಳ ಫೋಟೊ ಕಳಿಸುತ್ತಿದ್ದರು. ನಾಲ್ಕೈದು ತಿಂಗಳ ನಂತರ ಅದು ನಿಂತಿತು. ಕಂಪನಿ ನಡೆಸಿದ ಹಿನ್ನೆಲೆ ವಿಚಾರಣೆಯಲ್ಲಿ ಹಳೆಯ ಕೇಸು ಹೊರಬಂದು ಕೆಲಸದಿಂದ ತೆಗೆದಿದ್ದರು. ಶಿಕ್ಷೆಯಾಗಿದ್ದಕ್ಕಲ್ಲ, ಮುಚ್ಚಿಟ್ಟದ್ದಕ್ಕೆ. ಒಂದು ಬೆಳಿಗ್ಗೆ ಉಳಿದ ಪುಸ್ತಕಗಳನ್ನು ಒಯ್ಯಲು ಪಟಮಟಕ್ಕೆ ಬಂದರು. ನಾನು ಕೋಣೆಯ ಬಾಗಿಲ ಹಿಂದೆ ನಿಂತಿದ್ದೆ.

“ಹುಡುಗಿ ಹೆಂಗ್ ಓದ್ತಾಳ್ರೀ?” ಎಂದು ಅಮ್ಮನನ್ನು ಕೇಳಿದ್ದು ಕೇಳಿಸಿತು. ಕಾಲೇಜಿಗೆ ಹೋಗಿದ್ದಾಳೆ ಎಂದಳು ಅಮ್ಮ. ನನ್ನ ಚಪ್ಪಲಿ ಹೊಸ್ತಿಲಲ್ಲೇ ಇತ್ತು...

ಈಗ ಅವರ ನಂಬರು ಬೇರೆ ಯಾರದೋ ಆಗಿದೆ. ಹೋದ ವರ್ಷ ಫೋನ್ ಮಾಡಿದಾಗ ಒಬ್ಬ ಗಂಡಸು ತೆಲುಗಿನಲ್ಲಿ “ಯಾರು ಬೇಕಮ್ಮ?” ಎಂದು ಕೇಳಿದರು. ಫೋನ್ ಇಟ್ಟುಬಿಟ್ಟೆ.

ನಾನೂ ಔಷಧ ಕಾರ್ಖಾನೆಯಲ್ಲೇ ಇದ್ದೇನೆ. ದಿನವಿಡೀ ದಾಖಲೆಗಳನ್ನು ನೋಡುವ ಕೆಲಸ. ಖಾಲಿ ಬಿಟ್ಟ ಜಾಗಕ್ಕೆಲ್ಲ ಗೆರೆ ಎಳೆಯಬೇಕು, ಎಳೆದವರು ಪಕ್ಕದಲ್ಲೇ ಸಹಿ ಮಾಡಿ ತಾರೀಕು ಹಾಕಬೇಕು. ಇಲ್ಲಿನ ನಿಯಮ ಅದು. ನಾನು ಒಮ್ಮೆಯೂ ತಪ್ಪಿಸಿಲ್ಲ.

ಸ್ಕೇಲನ್ನು ಒರೆಸಿ ಮತ್ತೆ ಡಬ್ಬದ ತಳಕ್ಕೇ ಇಟ್ಟೆ. ನಾನು ಎಳೆದ ಗೆರೆಗಳಲ್ಲಿ ನನ್ನ ಸಹಿಯಿಲ್ಲದೆ ಹೋದದ್ದು ಅವರ ಫಾರಂನ ಗೆರೆಗಳು ಮಾತ್ರ.