ಟಿಕ್ ಹಾಕದೆ ಬಿಟ್ಟ ಸಾಲು

ಲ್ಯಾಬಿನ ವಿಆರ್ ಹೆಡ್‌ಸೆಟ್‌ಗಳನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿಡುವುದು ಈಗ ನನ್ನದೇ ಕೆಲಸ. ಮೊನ್ನೆ ಒಂದರ ಪಟ್ಟಿಯಿಂದ ಮಲ್ಲಿಗೆ ಘಮದ ತಲೆಯೆಣ್ಣೆಯ ವಾಸನೆ ಬಂತು. ಯಾವ ಹುಡುಗಿ ಹಾಕಿಕೊಂಡಿದ್ದಳೋ... ನನಗೆ ಮಾತ್ರ ಅದೇ ಎಣ್ಣೆ ಹಚ್ಚುತ್ತಿದ್ದ ನನ್ನ ಹಳೆಯ ಜೊತೆಗಾತಿ ನೆನಪಾದಳು.

ಇಂದಿರಾನಗರದ ಕಡೆಯ ಇದೇ ನರ್ಸಿಂಗ್ ಕಾಲೇಜಿನಲ್ಲಿ ನಾವಿಬ್ಬರೂ ಲ್ಯಾಬಿಗೆ ಜೋಡಿ. ಅವಳು ಶಿವಾಜಿನಗರದ ಟೈಲರ್ ಒಬ್ಬರ ಮಗಳು. ಹೆಡ್‌ಸೆಟ್ ಕಣ್ಣಿಗೆ ಕಟ್ಟಿಕೊಂಡರೆ ವಾರ್ಡು, ಮಂಚ, ಏದುಸಿರು ಬಿಡುವ ಮುದುಕ ಎಲ್ಲ ಎದುರಿಗೇ ಬರುತ್ತಿದ್ದವು. ನಾನು ಆರೈಕೆಯ ಒಂದೊಂದು ಹಂತವನ್ನೂ ಬಾಯಿಪಾಠ ಮಾಡಿ ಹೋಗುತ್ತಿದ್ದೆ. ಅವಳೋ, ಇಲ್ಲದ ಆ ಮುದುಕನ ಹೆಗಲ ಮೇಲೆ ಗಾಳಿಯಲ್ಲೇ ಕೈಯಿಟ್ಟು, "ತಾತಾ, ಹೆದರ್ಬೇಡಿ, ನಾನಿಲ್ಲೇ ಇದೀನಿ" ಅನ್ನುತ್ತಿದ್ದಳು. ಮೊದಮೊದಲು ಎಲ್ಲರೂ ನಕ್ಕರು. ಆಮೇಲೆ ಮೇಡಂ, ಅವಳನ್ನು ನೋಡಿ ಕಲಿಯಿರಿ ಎಂದರು. ಅಂದು ನನಗೆ ಊಟ ಸೇರಲಿಲ್ಲ.

ಕೊನೆಯ ವರ್ಷದ ಪರೀಕ್ಷೆಯಲ್ಲಿ ಮೊದಲು ಬಂದವರಿಗೆ ಇದೇ ಲ್ಯಾಬಿನಲ್ಲಿ ಕೆಲಸ ಎಂದಿದ್ದರು. ಒಬ್ಬರು ಮಾಡುವುದನ್ನು ಜೋಡಿಯವರು ಪರದೆಯಲ್ಲಿ ನೋಡುತ್ತ, ಮಾಡಿದ ಹಂತಕ್ಕೆಲ್ಲ ಹಾಳೆಯಲ್ಲಿ ಟಿಕ್ ಹಾಕಬೇಕು. ಇಂಜೆಕ್ಷನ್ ಕೊಡುವ ಮುನ್ನ ಅವಳು ಮುದುಕನನ್ನು ಯಾವ ಔಷಧಿ ಒಗ್ಗುವುದಿಲ್ಲವೆಂದು ಕೇಳಿದಳು. ಸ್ಪಷ್ಟವಾಗಿಯೇ ಕೇಳಿದಳು. ನನ್ನ ಪೆನ್ನು ಆ ಸಾಲಿನ ಮೇಲೆ ಒಂದು ಕ್ಷಣ ನಿಂತು, ಕೆಳಗಿನ ಸಾಲಿಗೆ ಹೋಯಿತು.

ಕೆಲಸ ನನಗೆ ಸಿಕ್ಕಿತು. ಹಾಳೆ ನೋಡಿ ಅವಳು ನನ್ನ ಹತ್ತಿರ ಬಂದಳು.

"ಅಲರ್ಜಿ ಕೇಳಿದ್ನಲ್ಲ, ನಿಂಗೆ ಕೇಳಿಸ್ಲಿಲ್ವಾ?"

"ಇಲ್ಲ ಕಣೇ" ಎಂದೆ.

ಅವಳು ನನ್ನ ಹೆಗಲ ಮೇಲೆ ಕೈಯಿಟ್ಟಳು. "ಹಂಗಾದ್ರೆ ನಾನೇ ಮೆತ್ತಗೆ ಕೇಳಿರ್ಬೇಕು ಬಿಡು. ತಾತಂಗೂ ಕೇಳಿಸಿರಲ್ಲ."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು...

ಅವಳು ಕೃಷ್ಣರಾಜಪುರದ ಒಂದು ಸಣ್ಣ ಆಸ್ಪತ್ರೆಗೆ ಸೇರಿದಳು. ನಿಜ ಹೇಳುವ ಧೈರ್ಯ ಬರಲು ನನಗೆ ಮೂರು ವರ್ಷ ಬೇಕಾಯಿತು. ಹುಡುಕಿಕೊಂಡು ಹೋದರೆ, ಅವಳು ಮದುವೆಯಾಗಿ ಮಸ್ಕತ್ತಿಗೆ ಹೋಗಿ ಆಗಲೇ ತಿಂಗಳಾಗಿತ್ತು. ಫೋನ್ ನಂಬರೂ ಬದಲಾಗಿತ್ತು. ವಾರ್ಡಿನ ಆಯಾ ಒಬ್ಬರು ನನ್ನನ್ನು ಕೂರಿಸಿ, "ಪೇಷೆಂಟ್‌ಗಳು ಇನ್ನೂ ಆ ಸಿಸ್ಟರ್‌ನೇ ಕೇಳ್ತಾರಮ್ಮ" ಎಂದರು. ತಪ್ಪೊಪ್ಪಿಕೊಳ್ಳಲು ಹೋಗಿದ್ದ ನನಗೆ ಅಲ್ಲಿಯೂ ಮೊದಲು ಹುಟ್ಟಿದ್ದು ಹೊಟ್ಟೆಕಿಚ್ಚೇ.

ಈಗ ನನ್ನ ಕೈಕೆಳಗೆ ಎಷ್ಟೋ ಹುಡುಗಿಯರು ಕಲಿಯುತ್ತಾರೆ, ಮೇಡಂ ಎಂದು ಹಿಂದೆ ಮುಂದೆ ಓಡಾಡುತ್ತಾರೆ. ನನ್ನನ್ನೇ ಬೇಕೆಂದು ಕೇಳುವ ರೋಗಿ ಮಾತ್ರ ಒಬ್ಬರೂ ಇಲ್ಲ. ಅವಳನ್ನು ಹಿಂದೆ ಹಾಕಿದೆ ಎಂದುಕೊಂಡಿದ್ದೆ. ಅಂಥ ಜೊತೆ ನನಗೆ ಮತ್ತೆ ಸಿಗಲಿಲ್ಲ.