ವಿಡಿಯೋಕ್ಕೆ ಸಿಗದ ಆಟ

ನಾನು ಐಸ್ ಹಾಕಿ ಕಲಿತದ್ದು ಥಾರ್ನ್‌ಕ್ಲಿಫ್ ಪಾರ್ಕ್ ಎಂಬ ಬಡಾವಣೆಯಲ್ಲಿ, ನಮ್ಮ ಬಿಲ್ಡಿಂಗಿನ ನೆಲದಡಿಯ ಪಾರ್ಕಿಂಗಿನಲ್ಲಿ. ಅಲ್ಲಿ ಐಸೂ ಇಲ್ಲ, ಚೆಂಡಿನ ಬದಲು ಹೊಡೆಯುವ ಚಪ್ಪಟೆ ರಬ್ಬರ್ ಬಿಲ್ಲೆ, ಪಕ್ಕೂ ಇಲ್ಲ. ಯಾರೋ ಬಿಟ್ಟುಹೋದ ಒಂದು ಸ್ಟಿಕ್ಕು, ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಚೆಂಡು, ಕಂಬಕ್ಕೆ ಒರಗಿಸಿಟ್ಟ ಫೋನು, ಅಷ್ಟೇ. ಫೋನಿನಲ್ಲಿ ಯಾರು ಏನು ಮಾಡಿ ತೋರಿಸಿದರೂ ಅದು ನನಗೆ ಬರುವವರೆಗೆ ಬಿಡುತ್ತಿರಲಿಲ್ಲ. ಚೆಂಡನ್ನು ಸ್ಟಿಕ್ಕಿನ ತುದಿಯಿಂದ ಎತ್ತಿ ಅದರ ಮೇಲೆಯೇ ಕುಣಿಸುವುದು, ಬೆನ್ನ ಹಿಂದಿನಿಂದ ಹಾರಿಸಿ ಮುಂದೆ ಹಿಡಿಯುವುದು, ಎದುರಿಗಿದ್ದವರ ಮುಂದೆ ಚೆಂಡನ್ನು ಚಾಚಿ, ಅವರು ಸ್ಟಿಕ್ಕು ಹಾಕುವಷ್ಟರಲ್ಲಿ ತನ್ನ ಕಡೆಗೆ ಸೆಳೆದುಕೊಂಡು ಪಕ್ಕದಿಂದ ಜಾರಿಹೋಗುವುದು. ಎದುರಿಗಿದ್ದದ್ದು ಕಂಬ. ಕಂಬ ನನ್ನಿಂದ ಒಂದು ಸಲವೂ ಚೆಂಡು ಕಿತ್ತುಕೊಳ್ಳಲಿಲ್ಲ.

ಮುಂದೆ ಹುಡುಗಿಯರ ಟೀಮೊಂದಕ್ಕೆ ಸೇರಿದೆ. ಮೊದಲ ದಿನವೇ ಐಸಿನ ಮೇಲೆ ನಿಂತು ನನ್ನ ಕಸರತ್ತೆಲ್ಲ ತೋರಿಸಿದೆ. ಕೋಚ್ ನಡುವಯಸ್ಸಿನ ಹೆಂಗಸು. ಕೈ ಕಟ್ಟಿಕೊಂಡು ಪೂರ್ತಿ ನೋಡಿದರು. ಆಮೇಲೆ, ಜೋರಾಗಿ ಬಂದು ಎಡಕ್ಕೆ ತಿರುಗಿ ನಿಲ್ಲು ಅಂದರು. ನಿಲ್ಲುವುದು ನನಗೆ ಗೊತ್ತೇ ಇರಲಿಲ್ಲ. ಹೋಗಿ ಗೋಡೆಗೆ ಬಡಿದೆ.

ಆ ಚಳಿಗಾಲವೆಲ್ಲ ಆಕೆ ನನ್ನ ಕೈಯಿಂದ ಕಸರತ್ತು ಬಿಡಿಸಿದರು. ನನ್ನನ್ನು ಡಿಫೆನ್ಸಿಗೆ, ಅಂದರೆ ಗೋಲು ಕಾಯುವವಳ ಮುಂದಿನ ಸಾಲಿಗೆ ಹಾಕಿದರು. ಹಿಂದಕ್ಕೆ ಸ್ಕೇಟ್ ಮಾಡುವುದು, ನುಗ್ಗಿ ಬರುವವಳನ್ನು ಗೋಲಿನಿಂದ ದೂರ ಗೋಡೆಯ ಕಡೆಗೆ ಒತ್ತರಿಸುವುದು, ಪಕ್ ಸಿಕ್ಕ ತಕ್ಷಣ ಖಾಲಿ ಇದ್ದವಳಿಗೆ ಕೊಟ್ಟುಬಿಡುವುದು. ಬೇಸರದ ಕೆಲಸ ಅನ್ನಿ. ಆದರೆ ನನಗೆ ಅದರ ಹುಚ್ಚು ಹಿಡಿಯಿತು. ಒಮ್ಮೆ ಕೋಚ್ ನನ್ನ ಹೆಲ್ಮೆಟ್ ತಟ್ಟಿ, ಇವತ್ತು ನೀನು ಆಡಿದ್ದು ಯಾರ ಕಣ್ಣಿಗೂ ಬೀಳಲಿಲ್ಲ, ಅಷ್ಟು ಚೆನ್ನಾಗಿ ಆಡಿದೆ ಅಂದರು. ನಾನು ಖುಷಿಯಲ್ಲಿ ಆ ರಾತ್ರಿ ಸರಿಯಾಗಿ ಊಟವನ್ನೂ ಮಾಡಲಿಲ್ಲ.

ಅಪ್ಪ ಹುಬ್ಬಳ್ಳಿಯಲ್ಲಿ ಕಾಲೇಜಿನ ಪರವಾಗಿ ಕ್ರಿಕೆಟ್ ಆಡಿದವರು. ಆಟವೆಂದರೆ ಅವರಿಗೆ ಸಿಕ್ಸರ್. ಸೀಸನ್ ಮುಗಿಯುತ್ತ ಬಂದಾಗ ಹೇಳಿದರು, "ಮುಂದಿನ ವರ್ಷ ಗ್ರೇಡ್ ಇಲೆವೆನ್. ಶನಿವಾರ ಬಂದು ಒಂದು ಮ್ಯಾಚ್ ನೋಡತೀನಿ. ನಿನ್ನಾಗ ಏನರೆ ಐತಿ ಅನಿಸಿದ್ರ ಆಡು. ಇಲ್ಲಂದ್ರ ಟ್ಯೂಷನ್."

"ಫೋನ್ ಹಿಡಕೊಂಡು ಕೂಡಬ್ಯಾಡ್ರಿ, ಕಣ್ಣಿಲೆ ನೋಡ್ರಿ," ಅಂದಳು ಅವ್ವ.

"ಧಾರವಾಡದಾಗ ನಮ್ಮ ತಮ್ಮ ವಿಡಿಯೋ ಕೇಳ್ಯಾನಲ್ಲ!"

ಶನಿವಾರ ನಾನು ನನ್ನ ಜೀವಮಾನದ ಆಟ ಆಡಿದೆ. ಎದುರಿನ ಟೀಮಿನ ಜೋರು ಹುಡುಗಿಯೊಬ್ಬಳು ಬಂದಾಗಲೆಲ್ಲ ಅವಳನ್ನು ಮೂಲೆಗೆ ಹಾಕಿದೆ. ಗೋಲಿಗೆ ಹೊರಟ ಒಂದು ಹೊಡೆತಕ್ಕೆ ಅಡ್ಡ ಬಿದ್ದು ಮೊಣಕಾಲಿನ ಕೆಳಗೆ ಪೆಟ್ಟು ತಿಂದೆ. ಕೊನೆಯಲ್ಲಿ ಎರಡೂ ಕಡೆ ಒಂದೊಂದು ಗೋಲು. ಪಕ್ ನನ್ನ ಹತ್ತಿರ ಬಂತು. ಒಬ್ಬಳು ಎದುರು ಬಂದು ಸ್ಟಿಕ್ಕು ಚಾಚಿದಳು; ಪಾರ್ಕಿಂಗಿನ ಕಂಬದಷ್ಟೇ ಸುಲಭವಾಗಿ ಅವಳನ್ನು ದಾಟಬಹುದಿತ್ತು. ನನ್ನ ಮಣಿಕಟ್ಟು ಆಗಲೇ ತಿರುಗಲು ಹೊರಟಿತ್ತು. ಮೇಲೆ ಗ್ಯಾಲರಿಯಲ್ಲಿ ಅಪ್ಪ ಫೋನು ಹಿಡಿದು ಎದ್ದು ನಿಂತದ್ದೂ ಕಂಡಿತು. ಎಡಗಡೆ ನಮ್ಮವಳೊಬ್ಬಳು ಖಾಲಿ ಇದ್ದಳು. ಅವಳಿಗೆ ಕೊಟ್ಟೆ. ಅವಳು ಹೋಗಿ ಗೋಲು ಹೊಡೆದಳು. ಗೆದ್ದೆವು.

ಹೊರಗೆ ಲಾಬಿಯಲ್ಲಿ ಅಪ್ಪನ ಮುಖ ಅರಳಿತ್ತು. "ಏನ್ ಆಡಿದಳವ್ವಾ! ಆ ಉದ್ದ ಜಡೀ ಹುಡುಗಿ! ಯಾರ ಮಗಳು ಆಕಿ?"

"ಅಪ್ಪಾ, ದಟ್ ವಾಸ್ ಮೈ ಪಾಸ್."

"ಹೌದೇನು? ಕೈಯಾಗ ಬಂದಿತ್ತಲ್ಲ, ನೀನ ಯಾಕ ಹೊಡೀಲಿಲ್ಲ?"

"ನಾ ಡಿಫೆನ್ಸ್, ಅಪ್ಪಾ."

"ಡಿಫೆನ್ಸ್ ಅಂದ್ರ ಏನು? ಪೂರ್ತಿ ಮ್ಯಾಚ್ ನೋಡೇನಿ ತಂಗಿ. ಹಿಂದಕ್ಕ ಹಿಂದಕ್ಕ ಹೋಗೂದು, ಬೀಳೂದು, ಸಿಕ್ಕಿದ್ದನ್ನ ಬ್ಯಾರೇದವರಿಗೆ ಕೊಡೂದು. ಇದರಾಗ ಏನ್ ಕಳಸ್ಲಿ ಧಾರವಾಡಕ್ಕ?"

"ನಾ ಬಿದ್ದಿಲ್ಲ! ಶಾಟ್ ಬ್ಲಾಕ್ ಮಾಡಿದ್ದು ಅದು!"

"ಅದನ್ನ ಹೇಳಿದ್ನಿ. ಬಿದ್ದಿ."

ಫೋನು ತೋರಿಸಿದರು. ನಾನು ಪಾಸ್ ಕೊಟ್ಟ ಕ್ಷಣಕ್ಕೆ ಸರಿಯಾಗಿ ಫೋನು ಪಕ್ಕಿನ ಹಿಂದೆ ತಿರುಗಿಬಿಟ್ಟಿತ್ತು. ಪರದೆಯ ಅಂಚಿನಲ್ಲಿ ನನ್ನ ಒಂದು ಭುಜ. "ಸೋಮವಾರ ಟ್ಯೂಷನ್‌ನವರ ಜೋಡಿ ಮಾತಾಡತೀನಿ," ಎಂದು ಫೋನು ಜೇಬಿಗಿಟ್ಟರು.

ಆಗ ನಾನೇನೂ ಯೋಚಿಸಲಿಲ್ಲ. ಯಾರೋ ಸ್ಟಿಕ್ಕಿನಿಂದ ಬಿಚ್ಚಿ ಉಂಡೆ ಮಾಡಿ ಎಸೆದ ಹಳೆಯ ಟೇಪು ನೆಲದ ಮೇಲಿತ್ತು. ಅದನ್ನು ಸ್ಟಿಕ್ಕಿನಿಂದ ಎತ್ತಿದೆ, ಕುಣಿಸಿದೆ, ಬೆನ್ನ ಹಿಂದಿನಿಂದ ಹಾರಿಸಿ ಮುಂದೆ ಹಿಡಿದೆ. ಚಿಕ್ಕ ಮಕ್ಕಳು ಸುತ್ತ ಸೇರಿದರು.

"ಏ ತಡಿ, ತಡಿ! ಇನ್ನೊಮ್ಮೆ ಮಾಡು, ಹಿಡೀತೀನಿ," ಎಂದು ಅಪ್ಪ ಫೋನು ಹೊರಗೆ ತೆಗೆದರು. "ಹುಚ್ಚಿ, ಇಷ್ಟೆಲ್ಲಾ ಬರತೈತಿ, ಒಳಗ ಯಾಕ ಮಾಡ್ಲಿಲ್ಲ?"

ಇನ್ನೊಮ್ಮೆ ಮಾಡಿದೆ. ಮತ್ತೂ ಒಮ್ಮೆ ಮಾಡಿದೆ. ಪಕ್ಕುಗಳ ಚೀಲ ಹೊತ್ತುಕೊಂಡು ಕೋಚ್ ಪಕ್ಕದಲ್ಲೇ ಹೋದರು. ನೋಡಿ, ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡರು.

ಟ್ಯೂಷನ್ ಮಾತು ನಿಂತಿತು. ಮುಂದಿನ ವರ್ಷ ಆಡಿದೆ, ಅದರ ಮುಂದಿನ ವರ್ಷವೂ ಆಡಿದೆ. ಮನೆಗೆ ಬಂದವರಿಗೆಲ್ಲ ಅಪ್ಪ ಆ ಲಾಬಿಯ ವಿಡಿಯೋ ತೋರಿಸಿ, "ನಮ್ಮಾಕಿ ಹಾಕಿ ಹೆಂಗ ಆಡತಾಳ ನೋಡ್ರಿ," ಅನ್ನುತ್ತಾರೆ. ಅದರಲ್ಲಿ ಐಸೇ ಇಲ್ಲ ಎಂದು ಇಲ್ಲಿಯವರೆಗೆ ಯಾರೂ ಕೇಳಿಲ್ಲ. ಮ್ಯಾಚಿಗೆ ಬಾ ಅಂದರೆ ಮಾತ್ರ, "ಶನಿವಾರ ಶಿಫ್ಟ್ ಐತಿ, ಏನರೆ ಭಾರಿ ಮಾಡಿದ್ರ ವಿಡಿಯೋ ಕಳಸು," ಅನ್ನುತ್ತಾರೆ.

ಫೈನಲ್ಲಿಗೂ ಅಪ್ಪ ಬರಲಿಲ್ಲ. ಆ ದಿನ ನಾನು ಐಸಿನ ಮೇಲಿದ್ದಷ್ಟು ಹೊತ್ತು ಎದುರಿನವರಿಗೆ ಒಂದು ಗೋಲೂ ಸಿಗಲಿಲ್ಲ. ಮನೆಗೆ ಬಂದು ಬ್ಯಾಗು ಇಳಿಸುವ ಮೊದಲೇ ಅದನ್ನು ಹೇಳಿದೆ.

"ಅದಿರಲಿ, ನೀ ಎಷ್ಟು ಹೊಡದಿ?" ಎಂದರು.

ಸೊನ್ನೆ ಎಂದೆ.